ಹಲ್ಲು ನಿಂತಿದ್ದ ಜಾಗ

ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳ ಬೆನ್ನಿಗೆ ನಾಲಿಗೆಯ ತುದಿಯನ್ನು ಆನಿಸಿ, ಅಲ್ಲಿಂದ ತುಸುವೇ ಹಿಂದಕ್ಕೆ ಮೆಲ್ಲಗೆ ಜಾರಿಸಿದರೆ, ಒಸಡು ಮುಗಿದು ಅಂಗುಳ ತೊಡಗುವ ಆ ಕತ್ತಲಲ್ಲಿ ಮೆತ್ತಗಿನ ಒಂದು ಗುಬುಟು ಸಿಗುತ್ತದೆ. ಸಣ್ಣದು, ಉದ್ದುದ್ದಕ್ಕೆ ಮಲಗಿದ್ದು, ಒತ್ತಿದರೆ ತುಸು ಜುಮ್ಮೆನ್ನುವಂಥದ್ದು. ಅದರ ಹಿಂದಿನಿಂದ ಎಡಕ್ಕೂ ಬಲಕ್ಕೂ ಅಂಗುಳದ ಮಡಿಕೆಗಳು ಹರಡಿಕೊಂಡಿರುತ್ತವೆ, ಉಬ್ಬಿ, ಬಾಗಿ, ಕವಲೊಡೆದು, ಒಂದು ಬದಿಯದು ಇನ್ನೊಂದು ಬದಿಯದಕ್ಕೆ ಹೊಂದದೆ. ಒಬ್ಬರ ಬಾಯಿಯ ಮಡಿಕೆಗಳ ವಿನ್ಯಾಸ ಇನ್ನೊಬ್ಬರಿಗಿಲ್ಲ. ಹುಟ್ಟಿದಂದಿನಿಂದ ನಾಲಿಗೆ ಈ ನೆಲದ ಮೇಲೆ ನಡೆದಾಡುತ್ತಲೇ ಇದೆ. ಎದೆಹಾಲು ಕುಡಿಯುವಾಗ ನಾಲಿಗೆ ಒತ್ತಿಕೊಂಡದ್ದು ಈ ಅಂಗುಳವನ್ನೇ, ಬೆಲ್ಲದ ಚೂರು ಕರಗಿದ್ದು ಇಲ್ಲೇ, ಬಿಸಿ ಕಾಫಿಯ ಮೊದಲ ಗುಟುಕು ಸುಟ್ಟದ್ದು ಇದೇ ತೊಗಲನ್ನು, ನಿದ್ದೆಯಲ್ಲಿ ನಾಲಿಗೆ ಬಂದು ಒರಗಿಕೊಳ್ಳುವುದೂ ಇದರ ಅಕ್ಕಪಕ್ಕದಲ್ಲೇ. ಇಷ್ಟು ಹತ್ತಿರದ ಈ ಜಾಗವನ್ನು ನಮ್ಮಲ್ಲಿ ಹೆಚ್ಚಿನವರು ಬದುಕಿಡೀ ಕಣ್ಣಿನಿಂದ ಒಮ್ಮೆಯೂ ನೋಡುವುದಿಲ್ಲ.

ಹಲ್ಲಿನ ವೈದ್ಯರು ಇದನ್ನು ಇನ್ಸೈಸಿವ್ ಪ್ಯಾಪಿಲ್ಲ ಎನ್ನುತ್ತಾರೆ. ಅದರಡಿಯ ಮೂಳೆಯಲ್ಲಿ ಒಂದು ಕಿಂಡಿಯಿದೆ. ಮೂಗಿನೊಳಗಿನಿಂದ ಇಳಿದುಬರುವ ನರಗಳೂ ರಕ್ತನಾಳಗಳೂ ಆ ಕಿಂಡಿಯಿಂದ ಹೊರಟು ಬಾಚಿಹಲ್ಲುಗಳ ಹಿಂದಿನ ತೊಗಲಿಗೆ ಅರಿವನ್ನು ಕೊಡುತ್ತವೆ. ಎಷ್ಟೋ ಪ್ರಾಣಿಗಳಲ್ಲಿ ಇದೇ ಗುಬುಟಿನ ಎರಡು ಬದಿಗೆ ಎರಡು ಸಪೂರ ದಾರಿಗಳು ತೆರೆದುಕೊಂಡು, ಮೂಗಿನ ಬುಡದಲ್ಲಿ ಅಡಗಿರುವ ಇನ್ನೊಂದು ವಾಸನೆಯ ಅಂಗಕ್ಕೆ ಬಾಯಿಯಿಂದ ಸೇರುತ್ತವೆ. ಹಸುವಿನ ಗಂಜಳವನ್ನು ಮೂಸಿದ ಹೋರಿ ಮೋರೆಯನ್ನು ಆಕಾಶಕ್ಕೆತ್ತಿ, ಮೇಲ್ತುಟಿಯನ್ನು ಮಡಚಿ, ಕಣ್ಣನ್ನು ಎಲ್ಲಿಯೋ ನೆಟ್ಟು ಅಲುಗದೆ ನಿಂತುಬಿಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೇವೆ. ಆ ನಿಲುವಿನಲ್ಲಿ ಪರಿಮಳ ಈ ಸಪೂರ ದಾರಿಯಲ್ಲಿ ಮೇಲಕ್ಕೆ ಏರುತ್ತಿರುತ್ತದೆ. ಮೇಲ್ದವಡೆಯ ಮುಂದುಗಡೆ ಒಂದೂ ಹಲ್ಲಿಲ್ಲದ, ಬರಿಯ ಗಟ್ಟಿ ಒಸಡಿರುವ ಆ ಬಾಯಿಯಲ್ಲೂ ಗುಬುಟು ತನ್ನ ಜಾಗದಲ್ಲಿ ಕೂತಿದೆ. ಮನುಷ್ಯರಲ್ಲಿ ಆ ದಾರಿ ಸಾಮಾನ್ಯವಾಗಿ ಹುಟ್ಟುವ ಮುಂಚೆಯೇ ಮುಚ್ಚಿಹೋಗಿರುತ್ತದೆ. ದಾರಿ ಮುಚ್ಚಿದ ಮೇಲೂ ಬಾಗಿಲಿದ್ದ ಕುರುಹು ಉಳಿದಿದೆ, ಮತ್ತು ಆ ಕುರುಹು ಎಂಥ ಕೆಲಸಕ್ಕೆ ಒದಗಿಬರುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಬಸಿರಿನ ಆರನೆಯ ಏಳನೆಯ ವಾರಗಳಲ್ಲಿ, ತಾಯಿಗೆ ಇನ್ನೂ ಹೊಟ್ಟೆಯೂ ಕಾಣದ ದಿನಗಳಲ್ಲಿ, ಒಂದು ಮುಖ ಕೂಡಿಕೊಳ್ಳುತ್ತಿರುತ್ತದೆ. ಹಣೆಯ ಕಡೆಯಿಂದ ಒಂದು ತುಣುಕು ಇಳಿದು ಬರುತ್ತದೆ, ಎರಡು ಕೆನ್ನೆಗಳ ಕಡೆಯಿಂದ ಎರಡು ತುಣುಕುಗಳು ನಡುವಿಗೆ ಸರಿದು ಬರುತ್ತವೆ, ಮತ್ತು ಮೂರೂ ಒಂದನ್ನೊಂದು ಮುಟ್ಟಿ, ಮುಟ್ಟಿದಲ್ಲಿ ತೊಗಲು ತೊಗಲಿನೊಳಕ್ಕೆ ಕರಗಿ, ಮೇಲ್ತುಟಿಯಾಗುತ್ತದೆ. ನಮ್ಮೆಲ್ಲರ ಮೂಗಿನ ಕೆಳಗೆ ತುಟಿಯ ನಡುವಿಗೆ ಇಳಿಯುವ ಆ ಸಣ್ಣ ಕಾಲುವೆ, ಹಣೆಯಿಂದ ಇಳಿದ ತುಣುಕಿನದು. ಒಳಗೆ, ಅಂಗುಳದ ಎರಡು ಹಲಗೆಗಳು ಮೊದಮೊದಲು ನಾಲಿಗೆಯ ಎರಡು ಪಕ್ಕದಲ್ಲಿ ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಎಂಟನೆಯ ವಾರದ ಸುಮಾರಿಗೆ ನಾಲಿಗೆ ಕೆಳಗೆ ಸರಿಯುತ್ತದೆ, ಹಲಗೆಗಳು ಮೇಲಕ್ಕೆ ಏಳುತ್ತವೆ, ಅಡ್ಡಲಾಗಿ ಮಲಗಿ ಒಂದರ ಅಂಚಿಗೆ ಇನ್ನೊಂದು ಬೆಸೆದುಕೊಳ್ಳುತ್ತವೆ. ಹೆಣ್ಣುಕೂಸುಗಳಲ್ಲಿ ಇದು ಸುಮಾರು ಒಂದು ವಾರ ತಡವಾಗಿ ನಡೆಯುತ್ತದಂತೆ. ಈ ಕೂಡಿಕೆ ಯಾವುದೋ ಕಾರಣಕ್ಕೆ ಅರ್ಧಕ್ಕೆ ನಿಂತ ಕೂಸುಗಳು ಸೀಳುತುಟಿಯೊಡನೆ, ಸೀಳು ಅಂಗುಳದೊಡನೆ ಹುಟ್ಟುತ್ತವೆ. ಮುಂದಿನ ತುಣುಕೂ ಹಿಂದಿನ ಎರಡು ಹಲಗೆಗಳೂ, ಮೂರೂ ಸಂಧಿಸುವ ಬಿಂದು ಯಾವುದೆಂದರೆ ಅದೇ ಕಿಂಡಿ, ಅದರ ಮೇಲೆ ಕೂತಿರುವ ಅದೇ ಗುಬುಟು. ನಾವು ಕೂಡಿಕೊಂಡ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಬಹುದು ಎನ್ನುವುದು ಎಷ್ಟು ಸಲ ನೆನೆದರೂ ಹಳತಾಗುವುದಿಲ್ಲ.

ಮುಂದಿನ ಆ ತುಣುಕಿನ ಮೂಳೆಯಲ್ಲಿ ಮೇಲಿನ ನಾಲ್ಕು ಬಾಚಿಹಲ್ಲುಗಳು ನೆಲೆಸಿವೆ. ಅದು ಪ್ರಾಣಿಗಳಲ್ಲಿ ಬೇರೆಯಾಗಿ ಕಾಣುತ್ತದೆ, ಮನುಷ್ಯನಲ್ಲಿ ಬೇಗ ಬೆಸೆದು ಮರೆಯಾಗುತ್ತದೆ. ಹದಿನೆಂಟನೆಯ ಶತಮಾನದ ಹಲವು ಪಂಡಿತರು ಈ ಮೂಳೆ ಮನುಷ್ಯನಿಗೆ ಇಲ್ಲವೇ ಇಲ್ಲ, ಮಂಗಕ್ಕೂ ಮನುಷ್ಯನಿಗೂ ಇದೇ ಅಂತರ ಎಂದು ನಂಬಿದ್ದರು. 1784ರ ಮಾರ್ಚಿನಲ್ಲಿ ಯೇನಾ ಊರಿನಲ್ಲಿ ತಲೆಬುರುಡೆಗಳನ್ನು ಪಕ್ಕಪಕ್ಕಕ್ಕೆ ಇಟ್ಟುಕೊಂಡು ನೋಡುತ್ತಿದ್ದ ಕವಿ ಗಯಟೆ ಮನುಷ್ಯನ ಅಂಗುಳದಲ್ಲಿ ಆ ಮಾಸಿದ ಗೆರೆಯನ್ನು ಕಂಡ, ಕಂಡವನೇ ಗೆಳೆಯ ಹೆರ್ಡರ್‌ಗೆ ಸಂತೋಷ ತಡೆಯಲಾರದೆ ಬರೆದ. ಪ್ಯಾರಿಸಿನಲ್ಲಿ ವಿಕ್ ದಾಜಿರ್ ಎಂಬ ವೈದ್ಯ ಅದಕ್ಕೆ ಕೆಲ ವರ್ಷ ಮುಂಚೆಯೇ ಇದನ್ನು ಕಂಡಿದ್ದ, ಆ ಮಾತು ಬೇರೆ. ಮುಂದೆ ಶಾಕುಂತಲವನ್ನು ಓದಿ ಮನಸೋತ ಅದೇ ಕಣ್ಣು ಇಲ್ಲಿ ಒಂದು ಮೂಳೆಯ ಗೆರೆಗೆ ಮನಸೋತಿತ್ತು ಎಂಬುದು ನನಗೆ ಸಹಜವಾಗಿಯೇ ತೋರುತ್ತದೆ. ಅಂಚಿನ ಬಾಚಿಹಲ್ಲಿಗೂ ಕೋರೆಹಲ್ಲಿಗೂ ನಡುವೆ ಆ ಗೆರೆ ಹಾದುಹೋಗುತ್ತದೆ. ಅಂದರೆ ಬಾಯಿಯ ಸಾಲು ಮುಂದಿನಿಂದ ಪಕ್ಕಕ್ಕೆ ತಿರುಗುವ ತಿರುವಿನಲ್ಲಿ, ಮೊದಲು ಎರಡಾಗಿದ್ದದ್ದು ಒಂದಾದ ದಡದ ಮೇಲೆ, ಕೋರೆಹಲ್ಲು ನಿಂತಿದೆ.

ಆ ಸಾಲಿನ ಬಾಗು ಹಲ್ಲುಗಳಿಗಿಂತ ಹಳೆಯದು. ಬಸಿರಿನ ಆರನೆಯ ವಾರದ ಹೊತ್ತಿಗೇ ದವಡೆಯಾಗಲಿರುವಲ್ಲಿ ತೊಗಲಿನ ಒಂದು ತೆಳುಪಟ್ಟಿ ಕಮಾನಿನಂತೆ ಬಾಗಿ ಒಳಗಿಳಿಯುತ್ತದೆ. ಅದರ ಮೇಲೆಯೇ ಒಂದೊಂದಾಗಿ ಹಲ್ಲಿನ ಮೊಗ್ಗುಗಳು ಮೂಡುತ್ತವೆ. ಬಳಿಕ ವರ್ಷಗಳು ಉರುಳಿ, ಹಾಲುಹಲ್ಲು ಬಿದ್ದು, ಬಾಳುವ ಹಲ್ಲು ಎದ್ದು ಬರುವಾಗ ಅದಕ್ಕೆ ದಾರಿ ತೋರುವುದು ಒಳಗಿನ ನಾಲಿಗೆ ಮತ್ತು ಹೊರಗಿನ ತುಟಿ ಕೆನ್ನೆಗಳು. ನಾಲಿಗೆ ಹೊರಕ್ಕೆ ಒತ್ತುತ್ತದೆ, ತುಟಿ ಒಳಕ್ಕೆ ಒತ್ತುತ್ತದೆ, ಹಗಲಿರುಳೂ, ನುಂಗುವಾಗಲೂ ನಗುವಾಗಲೂ ಸುಮ್ಮನಿರುವಾಗಲೂ. ಆ ಎರಡು ಒತ್ತುಗಳು ಒಂದಕ್ಕೊಂದು ಸಮನಾಗಿ ತಣ್ಣಗಾಗುವ ಕಿರಿದಾದ ಓಣಿಯಲ್ಲಿ ಹಲ್ಲು ಬಂದು ನಿಲ್ಲುತ್ತದೆ. ವಾನರಗಳ ದವಡೆಯ ಎರಡು ಪಕ್ಕಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಂದಕ್ಕೆ ಹೋಗುತ್ತವೆ. ಮನುಷ್ಯನದು ಮುಂದೆ ದುಂಡಗಾಗಿ, ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ಈ ರೇಖೆಯನ್ನು ದೀರ್ಘವೃತ್ತ ಎಂದವರಿದ್ದಾರೆ, ಪರವಲಯ ಎಂದವರಿದ್ದಾರೆ. 1949ರಲ್ಲಿ ಇಬ್ಬರು ಸಂಶೋಧಕರು ಇದು ಎರಡು ತುದಿ ಹಿಡಿದು ತೂಗುಬಿಟ್ಟ ಸರಪಳಿ ತನ್ನ ತೂಕಕ್ಕೆ ತಾನೇ ತಾಳುವ ಬಾಗು ಎಂದರು. ಹಬ್ಬದ ಬೆಳಿಗ್ಗೆ ಬಾಗಿಲವಾಡದ ಎರಡು ಮೊಳೆಗಳ ನಡುವೆ ಸಡಿಲವಾಗಿ ಇಳಿಬಿಟ್ಟ ತೋರಣದ ದಾರ ತಾಳುವುದೂ ಅದೇ ಬಾಗನ್ನೇ: ಯಾರೂ ಎಳೆಯದೆ, ಯಾರೂ ತಿದ್ದದೆ, ಎಲ್ಲ ಸೆಳೆತಗಳೂ ಒಪ್ಪಿಕೊಂಡಾಗ ಉಳಿಯುವ ರೇಖೆ.

ಹಲ್ಲು ಹೋದ ಮೇಲೆ ಮೂಳೆ ನಿಲ್ಲುವುದಿಲ್ಲ. ಹಲ್ಲನ್ನು ಹಿಡಿದಿರುವುದಕ್ಕಾಗಿಯೇ ಬೆಳೆದ ಮೂಳೆ ಅದು. ಹಿಡಿಯಲು ಏನೂ ಇಲ್ಲವಾದಾಗ ಮೆಲ್ಲಮೆಲ್ಲನೆ ಕರಗತೊಡಗುತ್ತದೆ. ಮೇಲ್ದವಡೆ ಮೇಲಕ್ಕೂ ಒಳಕ್ಕೂ ಸರಿಯುತ್ತದೆ, ಕೆಳದವಡೆ ಕೆಳಕ್ಕೂ ಹೊರಕ್ಕೂ. ಹಲ್ಲಿನ ಸೆಟ್ ಹಾಕಿಕೊಂಡವರನ್ನು ಇಪ್ಪತ್ತೈದು ವರ್ಷ ಬೆನ್ನುಹತ್ತಿ ನೋಡಿದ ಆಂಟ್ಯೆ ಟಾಲ್‌ಗ್ರೆನ್ 1972ರಲ್ಲಿ ಬರೆದ ಪ್ರಕಾರ, ಮುಂಭಾಗದಲ್ಲಿ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ. ಒಳಗೆ ಆಸರೆಯಿಲ್ಲದ ಮೇಲ್ತುಟಿ ಕುಸಿದು, ಅದರ ಕೆಂಪು ಅಂಚು ಒಳಗೆ ಮಡಚಿಕೊಂಡು, ಮೂಗಿನ ಕೆಳಗಿನ ಆ ಕಾಲುವೆ ಸಪಾಟಾಗುತ್ತದೆ. ಇಷ್ಟೆಲ್ಲ ಹಿಂಜರಿದ ಬಾಯಿಯಲ್ಲಿ ಉಳಿದ ದಿಣ್ಣೆಯ ನೆತ್ತಿಯ ಮೇಲೆಯೇ ಹಲ್ಲು ಜೋಡಿಸಿದರೆ ಸರಿ ಎಂದು ಕಣ್ಣಿಗೆ ತೋರುತ್ತದೆ. ಕಣ್ಣು ಇಲ್ಲಿ ಮೋಸಹೋಗುತ್ತದೆ. ದಿಣ್ಣೆ ಈಗಿರುವಲ್ಲಿ ಹಲ್ಲು ಎಂದೂ ಇರಲಿಲ್ಲ. ಹಲ್ಲು ನಿಂತಿದ್ದದ್ದು ಅದಕ್ಕಿಂತ ಮುಂದೆ, ಈಗ ಬರಿಯ ಗಾಳಿಯಿರುವಲ್ಲಿ.

ಆ ಗಾಳಿಯಲ್ಲಿ ಜಾಗವನ್ನು ಹುಡುಕುವವರಿಗೆ ಗುಬುಟು ಸಿಗುತ್ತದೆ. ಸುತ್ತಲಿನ ದಿಣ್ಣೆ ಕರಗುತ್ತ ಹೋದಂತೆ, ಮೊದಲು ದಿಣ್ಣೆಯ ಹಿಂದೆ ಇದ್ದ ಅದು ದಿಣ್ಣೆಯ ನೆತ್ತಿಯ ಮೇಲೆ ಬಂದಂತೆ ಕಾಣುತ್ತದೆ, ಬಹಳ ಕರಗಿದವರಲ್ಲಿ ನೆತ್ತಿಗಿಂತ ಮುಂದೆಯೇ. ಸರಿದದ್ದು ಅದಲ್ಲ, ಅದರ ಸುತ್ತಲಿನ ಲೋಕ. ತಾನು ಮಾತ್ರ ಹೆಚ್ಚು ಕದಲದೆ, ಹುಟ್ಟುವ ಮುಂಚೆ ಎಲ್ಲಿತ್ತೋ ಸುಮಾರಾಗಿ ಅಲ್ಲೇ ಇದೆ. ಅದರ ನಡುವಿನಿಂದ ಮುಂದಕ್ಕೆ 8ರಿಂದ 10 ಮಿಲಿಮೀಟರ್ ಅಳೆದರೆ ನಡುವಿನ ಬಾಚಿಹಲ್ಲುಗಳ ಮುಂಮೈ ಎಲ್ಲಿತ್ತೆಂದು ಸಿಗುತ್ತದೆ. ಅದೇ ಗುಬುಟಿನ ಮೂಲಕ ಅಡ್ಡಕ್ಕೆ ಒಂದು ಗೆರೆ ಎಳೆದರೆ ಆ ಗೆರೆ ಎರಡು ಕಡೆಯೂ ಕೋರೆಹಲ್ಲುಗಳ ತುದಿ ಇದ್ದ ಜಾಗವನ್ನು ಸವರಿಕೊಂಡು ಹೋಗುತ್ತದೆ. ನಾವು ಕೂಡಿಕೊಂಡ ಬಿಂದುವಿನಿಂದ ಕಳೆದುಹೋದದ್ದರ ದೂರವನ್ನು ಅಳೆಯುವ ಈ ಲೆಕ್ಕವನ್ನು ದಂತವೈದ್ಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಮಾಡಲಿ, ಪ್ರಾರ್ಥನೆಗಳನ್ನೂ ನಾವು ಮೊದಲು ಬಾಯಿಪಾಠವನ್ನೇ ಮಾಡಿದ್ದು.

ಇನ್ನುಳಿದದ್ದನ್ನು ಮುಖ ಹೇಳಿಕೊಡುತ್ತದೆ. ಗುಲಾಬಿ ಮೇಣದ ಒಂದು ಗೋಡೆಯನ್ನು ಬಾಯಲ್ಲಿಟ್ಟು, ತುಟಿ ಮತ್ತೆ ತನ್ನ ಉಬ್ಬಿಗೆ ಬರುವವರೆಗೆ ಅದನ್ನು ಕಾಯಿಸಿ, ಕೆರೆದು, ತುಂಬಿ, ಆ ಮೇಣದ ಮೇಲೆ ಗೆರೆಗಳನ್ನು ಬರೆಯುತ್ತಾರೆ. ಮೂಗಿನ ಹೊಳ್ಳೆಯ ಅಂಚಿನಿಂದ ಕೆಳಗೆ ಇಳಿದ ಗೆರೆ ಕೋರೆಹಲ್ಲಿನ ತುದಿಯನ್ನು, ಬಾಯಿಯ ಮೂಲೆ ಅದರ ಹಿಂದಿನ ಅಂಚನ್ನು, ನಕ್ಕಾಗ ತುಟಿ ಏರಿದ ಎತ್ತರ ಹಲ್ಲಿನ ಉದ್ದವನ್ನು ಸೂಚಿಸುತ್ತವೆ. ಮೇಲ್ತುಟಿಯ ಕಾಲುವೆಯ ನಡುವಿನಿಂದ ಇಳಿಸಿದ ಗೆರೆ ನಡುಗೆರೆಯಾಗುತ್ತದೆ, ಆದರೆ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಯಲ್ಲಿ ಮಾತ್ರ ಹಲ್ಲುಗಳ ನಡುಗೆರೆ ಇದಕ್ಕೆ ಸರಿಯಾಗಿ ಕೂಡುತ್ತದೆ. ಮೇಲಿನ ಹಲ್ಲಿನ ನಡುಗೆರೆಯೂ ಕೆಳಗಿನದೂ ಹೆಚ್ಚಿನವರಲ್ಲಿ ಕೂಡುವುದೇ ಇಲ್ಲ. ತುಸುವೇ ಓರೆಯಾಗಿರುವುದರಲ್ಲಿ ಮುಖಕ್ಕೆ ಜೀವವಿದೆ.

ದವಡೆಯ ಬಾಗು ಚೌಕವಾಗಿದ್ದರೆ ನಾಲ್ಕು ಬಾಚಿಹಲ್ಲುಗಳೂ ಹೆಚ್ಚುಕಡಿಮೆ ನೇರ ಸಾಲಿನಲ್ಲಿ ನಿಂತು ತಮ್ಮ ಇಡಿಯ ಮುಂಮೈಯನ್ನು ಬೆಳಕಿಗೆ ಒಡ್ಡುತ್ತವೆ. ಬಾಗು ಮುಂದಕ್ಕೆ ಚೂಪಾಗಿದ್ದರೆ ನಡುವಿನ ಎರಡು ಹಲ್ಲುಗಳು ಕೋರೆಗಳಿಂದ ತುಂಬ ಮುಂದೆ ಬಂದು, ಒಂದಕ್ಕೊಂದು ತುಸು ತಿರುಗಿ, ಕೆಲವೊಮ್ಮೆ ಒಂದರ ಅಂಚಿನ ಮೇಲೆ ಇನ್ನೊಂದು ಏರಿ, ಬೆಳಕನ್ನು ಅರ್ಧ ಕೊಟ್ಟು ಅರ್ಧ ಬಚ್ಚಿಡುತ್ತವೆ. ದುಂಡು ಬಾಗು ಈ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. 1914ರಲ್ಲಿ ಲಿಯಾನ್ ವಿಲಿಯಮ್ಸ್ ಎಂಬ ದಂತವೈದ್ಯ ನಡುವಿನ ಬಾಚಿಹಲ್ಲನ್ನು ತಲೆಕೆಳಗು ಮಾಡಿ ಹಿಡಿದರೆ ಆ ಮನುಷ್ಯನ ಮುಖದ ಆಕಾರವೇ ಸಿಗುತ್ತದೆ ಎಂದು ಹೇಳಿದ. ಆಮೇಲಿನವರು ಅಳೆದು ನೋಡಿದಾಗ ಅದು ಅಷ್ಟು ಸಲೀಸಾಗಿ ಹೊಂದಿಬರಲಿಲ್ಲ. ಆದರೂ ದೇಹ ತನ್ನ ದೊಡ್ಡದರಲ್ಲೂ ಸಣ್ಣದರಲ್ಲೂ ಒಂದೇ ರೂಪವನ್ನು ಮತ್ತೆಮತ್ತೆ ಬರೆಯುತ್ತಿರಬಹುದು ಎಂಬ ಆ ಆಸೆಯನ್ನು ನನ್ನಿಂದ ಪೂರ್ತಿ ಬಿಟ್ಟುಕೊಡಲು ಆಗಿಲ್ಲ.

ಕೊನೆಗೆ ಜಾಗ ಸರಿಯೋ ಅಲ್ಲವೋ ಎಂದು ಹೇಳುವುದು ಮಾತು. ಕನ್ನಡದ ವರ್ಣಮಾಲೆಯೇ ಬಾಯಿಯ ಒಂದು ಯಾತ್ರೆ. ಕಂಠದಲ್ಲಿ ಕ ಎಂದು ಹೊರಟು, ಅಂಗುಳಕ್ಕೆ ಬಂದು, ನಾಲಿಗೆ ಮಡಚಿ ಮೇಲೇರಿ, ತ ಎನ್ನುವಾಗ ಹಲ್ಲನ್ನು ಮುಟ್ಟಿ, ಪ ಎನ್ನುವಾಗ ತುಟಿಗೆ ತಲುಪುತ್ತದೆ. ಸ್ಲೇಟು ಹಿಡಿದ ಮಗು ಪ್ರತಿ ಬೆಳಿಗ್ಗೆ ಈ ದಾರಿಯನ್ನು ಗೊತ್ತಿಲ್ಲದೆಯೇ ನಡೆದುಬಿಡುತ್ತದೆ. ಹಲ್ಲಿಲ್ಲದ ಬಾಯಲ್ಲಿ ತ ದ ನ ಗಳು ನೆಲೆಯಿಲ್ಲದೆ ತೇಲುತ್ತವೆ, ನಾಲಿಗೆ ತನಗೆ ತಾಗಬೇಕಾದದ್ದನ್ನು ಹುಡುಕಿಕೊಂಡು ಮುಂದೆ ಮುಂದೆ ಬರುತ್ತದೆ. ಹೊಸ ಹಲ್ಲುಗಳನ್ನು ಮೇಣದಲ್ಲಿ ನಿಲ್ಲಿಸಿ ಬಾಯಲ್ಲಿಟ್ಟು ಎಣಿಸಲು ಹೇಳಿದಾಗ, ಮೂವತ್ತು, ನಲವತ್ತು, ಐವತ್ತು ಎಂದು ಬರುವ ಒಂದೊಂದು ವ ಕಾರದಲ್ಲೂ ಮೇಲಿನ ಹಲ್ಲಿನ ಅಂಚು ಕೆಳತುಟಿಯ ಒದ್ದೆ ಭಾಗಕ್ಕೂ ಒಣ ಭಾಗಕ್ಕೂ ನಡುವಿನ ಗೆರೆಯ ಹತ್ತಿರ ಹಗುರವಾಗಿ ಇಳಿಯಬೇಕು. ಹಲ್ಲು ಉದ್ದವಾದರೆ, ತುಂಬ ಮುಂದಾದರೆ, ತುಟಿ ಅದನ್ನು ಎಡವುತ್ತದೆ. ಸ ಎನ್ನುವಾಗ ಮೇಲಿನ ಕೆಳಗಿನ ಅಂಚುಗಳು ಮುಟ್ಟಿಯೂ ಮುಟ್ಟದಷ್ಟು ಹತ್ತಿರ ಬಂದು ಉಸಿರಿಗೆ ಒಂದು ಸೀಳನ್ನು ಮಾತ್ರ ಉಳಿಸಬೇಕು. ಸಾಸಿವೆ ಎಂಬ ಒಂದು ಮಾತನ್ನು ನಿಧಾನವಾಗಿ ಹೇಳಿ ನೋಡಿದರೆ ಸಾಕು, ಈ ಎರಡು ಸಂಧಿಗಳೂ ಒಂದರ ಹಿಂದೊಂದು ಬಾಯಲ್ಲಿ ಹಾದುಹೋಗುವುದು ತಿಳಿಯುತ್ತದೆ. ತುಟಿ, ಹಲ್ಲು, ನಾಲಿಗೆ, ಉಸಿರು ಇಷ್ಟು ನಿಖರವಾಗಿ ಸೇರಿದ ಮೇಲೆ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಕೂಗುತ್ತಾರೆ, ಅದೂ ಏನೂ ಆಗದವರಂತೆ.

ಜಪಾನಿನ ವಾಕಾಯಾಮದ ಗಂಜೋಜಿ ದೇಗುಲದ ಭಿಕ್ಷುಣಿ ನಾಕಾವೋಕಾ ತೇಯಿ 1538ರಲ್ಲಿ ತೀರಿಕೊಂಡಳು. ಅವಳು ಬಳಸುತ್ತಿದ್ದ ಮೇಲ್ದವಡೆಯ ಸೆಟ್ ಇಂದಿಗೂ ಉಳಿದಿದೆ. ಒಂದೇ ಮರದ ತುಂಡಿನಲ್ಲಿ ಅಂಗುಳವೂ ಹಲ್ಲುಗಳೂ ಕೆತ್ತಿ ಬಂದಿವೆ. ಆ ಕಾಲದ ಜಪಾನಿನಲ್ಲಿ ಈ ಕಲೆ ಬುದ್ಧನ ಮೂರ್ತಿಗಳನ್ನು ಕೆತ್ತುವವರ ಕೈಯಿಂದ ಬೆಳೆಯಿತು ಎನ್ನುತ್ತಾರೆ. ಒಂದು ಹೊತ್ತು ಬುದ್ಧನ ತುಟಿಯ ಮಂದಹಾಸವನ್ನು ಮರದಿಂದ ಹೊರತೆಗೆಯುತ್ತಿದ್ದ ಉಳಿ, ಇನ್ನೊಂದು ಹೊತ್ತು ಒಬ್ಬ ಮುದುಕಿಯ ಅಂಗುಳದ ಏರಿಳಿತಕ್ಕೆ ಸರಿಯಾಗಿ ಅದೇ ಬಗೆಯ ಮರವನ್ನು ತೆಳುವಾಗಿ ತೆಗೆಯುತ್ತಿರುತ್ತದೆ. ಹೆಚ್ಚು ತೆಗೆದರೆ ಕೂರುವುದಿಲ್ಲ, ಕಡಿಮೆ ತೆಗೆದರೆ ನೋಯುತ್ತದೆ. ಆ ಎರಡು ಕೆಲಸಗಳಲ್ಲಿ ಯಾವುದು ಪೂಜೆ, ಯಾವುದು ಕಸುಬು ಎಂದು ಆ ಕೈ ಬೇರೆ ಮಾಡಿ ನೋಡಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮುಪ್ಪಿನ ಬಾಯಿಗೆ ಇಪ್ಪತ್ತರ ಹಲ್ಲನ್ನು ಕೊಡಬಾರದು ಎಂದು ನಾನು ನಂಬಿದ್ದೇನೆ. 1978ರಲ್ಲಿ ವಿಗ್ ಮತ್ತು ಬ್ರುಂಡೊ ಅಳೆದು ಕಂಡಂತೆ, ಮೂವತ್ತರೊಳಗಿನವರಲ್ಲಿ ತುಟಿ ಸುಮ್ಮನಿದ್ದಾಗ ಮೇಲಿನ ಬಾಚಿಹಲ್ಲು ಮೂರು ಮಿಲಿಮೀಟರಿಗೂ ಹೆಚ್ಚು ಕಾಣುತ್ತದೆ. ಅರವತ್ತು ದಾಟಿದವರಲ್ಲಿ ಅದು ತುಟಿಯ ಹಿಂದೆ ಹೆಚ್ಚುಕಡಿಮೆ ಪೂರ್ತಿ ಸರಿದು, ಕೆಳಗಿನ ಹಲ್ಲು ಆ ಜಾಗದಲ್ಲಿ ಕಾಣತೊಡಗುತ್ತದೆ. ಅಂಚು ಸವೆದಿರುತ್ತದೆ, ಬಣ್ಣ ಜೇನಿನತ್ತ ಇಳಿದಿರುತ್ತದೆ. ಸಾಲಾಗಿ, ಬೆಳ್ಳಗೆ, ಒಂದೇ ಎತ್ತರಕ್ಕೆ ನಿಲ್ಲಿಸಿದ ಹಲ್ಲುಗಳ ನಗು ಆ ಮುಖದ ಮೇಲೆ ಯಾರದೋ ನಗುವಾಗಿ ಉಳಿದುಬಿಡುತ್ತದೆ. ಒಳ್ಳೆಯ ವೈದ್ಯರು ಹಳೆಯ ಫೋಟೊ ತನ್ನಿ ಎನ್ನುತ್ತಾರೆ, ಆದರೆ ನಮ್ಮ ಹಿರಿಯರ ಮದುವೆಯ ಫೋಟೊಗಳಲ್ಲಿ ಯಾರೂ ನಕ್ಕಿಲ್ಲ. ಬಿಗಿದ ತುಟಿಗಳ ಹಿಂದೆ ಹಲ್ಲುಗಳು ಎಂದೆಂದಿಗೂ ಮರೆಯಾಗಿವೆ.

ನನ್ನ ಸೋದರತ್ತೆಗೆ ಹಲ್ಲು ಕಟ್ಟಿಸುವಾಗ ಜೊತೆಗೆ ಹೋಗಿದ್ದೆ. ಅವರಲ್ಲೂ ಅಂಥ ಫೋಟೊ ಬಿಟ್ಟರೆ ಬೇರೆ ಇರಲಿಲ್ಲ. ಮೇಣದ ಮೇಲೆ ಆರು ಮುಂದಿನ ಹಲ್ಲುಗಳನ್ನು ಅಳತೆಗೆ ಸರಿಯಾಗಿ ನಿಲ್ಲಿಸಿ ಬಾಯಲ್ಲಿಟ್ಟರು. ವರ್ಷಗಳಿಂದ ಒಳಗೆ ಬಿದ್ದಿದ್ದ ತುಟಿ ಮೆಲ್ಲಗೆ ಏರಿ ಬಂತು, ಮೂಗಿನ ಕೆಳಗಿನ ಕಾಲುವೆ ನಾನು ಚಿಕ್ಕವನಿದ್ದಾಗ ಕಂಡಂತೆ ಮತ್ತೆ ಮೂಡಿತು. ಅತ್ತೆ ಕನ್ನಡಿಯನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು ನಾಲಿಗೆಯನ್ನು ಹಲ್ಲುಗಳ ಬೆನ್ನಿನ ಮೇಲೆ ಆ ತುದಿಯಿಂದ ಈ ತುದಿಗೆ ಆಡಿಸುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ ಎಡಗಡೆಯ ಎರಡನೆಯ ಹಲ್ಲನ್ನು ಬೆರಳಲ್ಲಿ ಮುಟ್ಟಿ, ಇದು ಹೀಗಿರಲಿಲ್ಲ, ಪಕ್ಕದ್ದರ ಮೇಲೆ ತುಸು ಏರಿಕೊಂಡಿತ್ತು ಎಂದರು. ವೈದ್ಯರು ಸೆಟ್ ತೆಗೆದು, ಸಣ್ಣ ಚಾಕುವನ್ನು ದೀಪದಲ್ಲಿ ಕಾಯಿಸಿ, ಆ ಒಂದು ಹಲ್ಲಿನ ಬುಡದ ಮೇಣವನ್ನು ಕರಗಿಸಿ, ಅದನ್ನು ನೂಲಿನಷ್ಟು ತಿರುಗಿಸಿ ಮತ್ತೆ ಬಾಯಲ್ಲಿಟ್ಟರು. ಅತ್ತೆಯ ನಾಲಿಗೆ ಅಲ್ಲಿಗೆ ಹೋಯಿತು, ನಿಂತಿತು.

“ಇನ್ನೂ ಒಂಚೂರು,” ಎಂದರು.